ಸಕಲೇಶಪುರದ ಪರದೆ, ಹಾಸನದ ಮೇಜು: ರಿಮೋಟ್ ಡೆಸ್ಕ್‌ಟಾಪ್ ಕಲಿತ ಟಿಪ್ಪಣಿ

ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್. ಗೊಬ್ಬರದ ಅಂಗಡಿಯಲ್ಲಿ ಬಿಲ್ ಮುದ್ರಣವಾಗುತ್ತಿಲ್ಲ ಎಂದು ಚಿಕ್ಕಪ್ಪ ಕರೆ ಮಾಡಿದಾಗಲೆಲ್ಲ ನಾನು ಬಸ್ ಹತ್ತುತ್ತಿದ್ದೆ. ಹೋಗಿ ನೋಡಿದರೆ ಪ್ರಿಂಟರ್ ‘ಆಫ್‌ಲೈನ್’ ಎಂದಿರುತ್ತಿತ್ತು. ಒಂದು ಗುರುತು ತೆಗೆದರೆ ಮುಗಿಯಿತು. ಎರಡು ನಿಮಿಷದ ಆ ಕೆಲಸಕ್ಕೆ ಅರ್ಧ ದಿನ ಹೋಗುತ್ತಿತ್ತು. ಇಲ್ಲಿ ಕುಳಿತೇ ದೂರದ ಕಂಪ್ಯೂಟರನ್ನು ನಡೆಸುವ ಈ ರಿಮೋಟ್ ಡೆಸ್ಕ್‌ಟಾಪ್ ವಿದ್ಯೆಗೆ ಕೈ ಹಾಕಿದ್ದು ಅದೇ ಬೇಸರದಿಂದ. ನಮ್ಮ ಸಂಜೆಯ ಕಂಪ್ಯೂಟರ್ ತರಗತಿಯ ಗೆಳೆಯರು ಕೇಳಿದ್ದರಿಂದ ಬರೆದಿಟ್ಟಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಕೂರಬೇಕು. ಕೆಲಸವೆಲ್ಲ ನಡೆಯುವುದು ಅಲ್ಲಿನ ಕಂಪ್ಯೂಟರಿನಲ್ಲಿ. ಕಡತ, ಲೆಕ್ಕದ ತಂತ್ರಾಂಶ, ಪ್ರಿಂಟರ್ ಎಲ್ಲವೂ ಅಲ್ಲಿಯೇ ಇವೆ. ಅಲ್ಲಿಂದ ಇಲ್ಲಿಗೆ ಬರುವುದು ಪರದೆಯ ಚಿತ್ರ. ಇಲ್ಲಿಂದ ಅಲ್ಲಿಗೆ ಹೋಗುವುದು ಮೌಸ್‌ನ ಚಲನೆ ಮತ್ತು ಒತ್ತಿದ ಕೀಲಿಗಳು. ಆದ್ದರಿಂದ ನಮ್ಮ ಬಳಿ ಹಳೆಯ ಲ್ಯಾಪ್‌ಟಾಪ್ ಇದ್ದರೂ ಸಾಕು. ಪರದೆಯಲ್ಲಿ ಬದಲಾದ ಭಾಗವನ್ನು ಮಾತ್ರ ಕಳುಹಿಸಲಾಗುತ್ತದೆ. ಹಾಗಾಗಿ ಲೆಕ್ಕದ ಹಾಳೆ ಸರಾಗವಾಗಿ ಓಡುತ್ತದೆ, ವಿಡಿಯೊ ಹಾಕಿದರೆ ತೊದಲುತ್ತದೆ.

ಯಾವುದನ್ನು ಆರಿಸಿಕೊಳ್ಳುವುದು?

ವಿಂಡೋಸ್‌ನಲ್ಲಿಯೇ ‘ರಿಮೋಟ್ ಡೆಸ್ಕ್‌ಟಾಪ್’ ಇದೆ, ಆದರೆ ಹೋಮ್ ಆವೃತ್ತಿಯ ಕಂಪ್ಯೂಟರನ್ನು ಅದರಿಂದ ನಿಯಂತ್ರಿಸಲು ಆಗುವುದಿಲ್ಲ. ಅದಕ್ಕೆ ಪ್ರೊ ಆವೃತ್ತಿ ಬೇಕು. ಚಿಕ್ಕಪ್ಪನದು ಹೋಮ್. ಪ್ರೊ ಇದ್ದವರು ಕೂಡ ಇದಕ್ಕಾಗಿ ರೂಟರಿನಲ್ಲಿ 3389 ಪೋರ್ಟನ್ನು (ಹೊರಗಿನ ಸಂಪರ್ಕ ಒಳಬರುವ ದಾರಿಯನ್ನು) ಅಂತರ್ಜಾಲಕ್ಕೆ ತೆರೆದಿಡಬೇಡಿ. ಕಳ್ಳರು ಮೊದಲು ತಟ್ಟಿ ನೋಡುವ ಬಾಗಿಲುಗಳಲ್ಲಿ ಅದೂ ಒಂದು.

ವಿಂಡೋಸ್‌ನ ‘ಕ್ವಿಕ್ ಅಸಿಸ್ಟ್’ ಒಂದೆರಡು ಬಾರಿಯ ಸಹಾಯಕ್ಕೆ ಚೆನ್ನಾಗಿದೆ, ಆದರೆ ಪ್ರತಿ ಸಲವೂ ಆ ಕಡೆ ಒಬ್ಬರು ಕುಳಿತಿರಬೇಕು. ಇದೇ ಕೆಲಸ ಮಾಡುವ ಎನಿಡೆಸ್ಕ್, ಟೀಮ್‌ವ್ಯೂವರ್‌ಗಳು ಸ್ವಂತ ಬಳಕೆಗೆ ಮಾತ್ರ ಉಚಿತ. ಅಂಗಡಿಯ ಲೆಕ್ಕ ಸ್ವಂತ ಬಳಕೆಯಲ್ಲ. ನಾನು ನಿಂತದ್ದು ರಸ್ಟ್‌ಡೆಸ್ಕ್ ಬಳಿ. ಅದು ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್ ಎಲ್ಲದರಲ್ಲಿಯೂ ಓಡುತ್ತದೆ. ಹುಡುಕಾಟದ ಪುಟದಲ್ಲಿ ಮೇಲೆ ಬರುವ ಜಾಹೀರಾತನ್ನು ಒತ್ತದೆ, ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ.

ಇಬ್ಬರ ಕಂಪ್ಯೂಟರೂ ಅವರವರ ರೂಟರಿನ ಹಿಂದೆ ಅಡಗಿರುವಾಗ ಅವು ಒಂದನ್ನೊಂದು ಕಂಡುಕೊಳ್ಳುವುದು ಹೇಗೆ ಎಂದು ತರಗತಿಯಲ್ಲಿ ಪ್ರಶ್ನೆ ಬಂದಿತ್ತು. ಕಾಫಿ ವ್ಯಾಪಾರದ ದಲ್ಲಾಳಿಯನ್ನು ನೆನೆಸಿಕೊಳ್ಳಿ. ಬೆಳೆಗಾರನೂ ಕೊಳ್ಳುವವನೂ ಅವನಿಗೆ ಗೊತ್ತು. ಇಬ್ಬರನ್ನೂ ಪರಿಚಯಿಸಿ ಅವನು ಪಕ್ಕಕ್ಕೆ ಸರಿಯುತ್ತಾನೆ. ನೇರ ಭೇಟಿ ಸಾಧ್ಯವಾಗದಿದ್ದರೆ ಮಾತ್ರ ಮಾಲು ಅವನ ಕೈಯ ಮೂಲಕವೇ ಹೋಗುತ್ತದೆ. ರಸ್ಟ್‌ಡೆಸ್ಕ್‌ನಲ್ಲಿ ಪರಿಚಯಿಸುವ ಸರ್ವರ್ (ಅಂತರ್ಜಾಲದಲ್ಲಿ ಸದಾ ಓಡುತ್ತಿರುವ ಕಂಪ್ಯೂಟರ್) ಒಂದು, ದಾಟಿಸುವ ಸರ್ವರ್ ಇನ್ನೊಂದು. ದಾಟಿಸುವವನ ಮೂಲಕ ಹೋದಾಗ ಪರದೆ ಸ್ವಲ್ಪ ತಡವಾಗಿ ಅಲುಗುತ್ತದೆ. ಬೇಕೆಂದರೆ ಈ ಎರಡನ್ನೂ ನಾವೇ ನಡೆಸಬಹುದು, ಆದರೆ ಹೊಸಬರಿಗೆ ಈಗಲೇ ಅದು ಬೇಡ.

ಮೊದಲ ಸಂಪರ್ಕ

ತಂತ್ರಾಂಶ ತೆರೆದ ಕೂಡಲೇ ಎಡಗಡೆ ಒಂದು ಗುರುತಿನ ಸಂಖ್ಯೆ, ಅದರ ಕೆಳಗೆ ಒಂದು ಬಾರಿಯ ಪಾಸ್‌ವರ್ಡ್ ಕಾಣಿಸುತ್ತದೆ. ಆ ಕಡೆಯವರು ಎರಡನ್ನೂ ಫೋನಿನಲ್ಲಿ ಓದಿ ಹೇಳಬೇಕು. ನಾವು ನಮ್ಮ ಕಡೆ ಸಂಖ್ಯೆ ಹಾಕಿ ‘ಕನೆಕ್ಟ್’ ಒತ್ತಿ, ಕೇಳಿದಾಗ ಪಾಸ್‌ವರ್ಡ್ ಕೊಡಬೇಕು. ಹೇಳುವುದಕ್ಕೆ ಇಷ್ಟೇ.

“ಚಿಕ್ಕಪ್ಪ, ಎಡಗಡೆ ಒಂದು ನಂಬರ್ ಇದೆಯಲ್ಲ, ಓದಿ.”

“ಕೆಳಗೆ ಹಸಿರು ಚುಕ್ಕೆ ಇದೆ ಕಣೋ. ಒತ್ತಲೇ?”

ಆ ಚುಕ್ಕೆ ಸರ್ವರಿನ ಸಂಪರ್ಕ ಸಿಕ್ಕಿದೆ ಎಂಬ ಸೂಚನೆ ಅಷ್ಟೆ. ಪಾಸ್‌ವರ್ಡಿನಲ್ಲಿ ಅಕ್ಷರವೂ ಅಂಕಿಯೂ ಬೆರೆತಿರುತ್ತವೆ. ಫೋನಿನಲ್ಲಿ ‘ಬಿ’ ಮತ್ತು ‘ಡಿ’ ಒಂದೇ ರೀತಿ ಕೇಳಿಸುತ್ತವೆ. ‘ಬಸ್ಸಿನ ಬಿ, ಡಬ್ಬಿಯ ಡಿ’ ಎಂದು ಮೊದಲೇ ಒಪ್ಪಂದ ಮಾಡಿಕೊಂಡ ಮೇಲೆ ನಮ್ಮ ಜಗಳ ಕಡಿಮೆಯಾಯಿತು.

ಸಂಪರ್ಕವಾಯಿತು, ಪ್ರಿಂಟರಿನ ಹೊಸ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಹಾಕಲು ಹೊರಟೆ. ಪರದೆ ನಿಂತುಹೋಯಿತು. ನೆಟ್ ಹೋಗಿದೆ ಎಂದುಕೊಂಡು ನನ್ನ ರೂಟರನ್ನೇ ಎರಡು ಸಲ ಆರಿಸಿ ಹಾಕಿದೆ. ತಪ್ಪು ನೆಟ್‌ನದಲ್ಲ. ‘ಈ ತಂತ್ರಾಂಶ ಬದಲಾವಣೆ ಮಾಡಲು ಅನುಮತಿ ಕೊಡುತ್ತೀರಾ’ ಎಂದು ವಿಂಡೋಸ್ ಕೇಳುತ್ತದೆಯಲ್ಲ, ಆ ಪ್ರಶ್ನೆಯನ್ನು ಅದು ಬೇರೆಯದೇ ಆದ ಸುರಕ್ಷಿತ ಪರದೆಯ ಮೇಲೆ ಇಡುತ್ತದೆ. ರಸ್ಟ್‌ಡೆಸ್ಕನ್ನು ಇನ್‌ಸ್ಟಾಲ್ ಮಾಡದೆ ಹಾಗೆಯೇ ಓಡಿಸುತ್ತಿದ್ದರೆ ಆ ಪರದೆಯನ್ನು ಮುಟ್ಟುವ ಅಧಿಕಾರ ಅದಕ್ಕೆ ಇರುವುದಿಲ್ಲ. ಇನ್‌ಸ್ಟಾಲ್ ಮಾಡಿದರೆ ಅದು ವಿಂಡೋಸ್‌ನ ಸೇವೆಯಾಗಿ, ಅಂದರೆ ತೆರೆಮರೆಯಲ್ಲಿ ಸದಾ, ಓಡುತ್ತದೆ. ಆಗ ಆ ಪ್ರಶ್ನೆಗೂ ಉತ್ತರಿಸಬಹುದು, ಲಾಗಿನ್ ಪರದೆಯನ್ನೂ ನೋಡಬಹುದು, ಕಂಪ್ಯೂಟರ್ ಮರಳಿ ಶುರುವಾದಾಗ ತಾನಾಗಿಯೇ ಎದ್ದಿರುತ್ತದೆ. ಆದ್ದರಿಂದ ಮೊದಲ ದಿನವೇ, ಆ ಕಡೆ ಯಾರಾದರೂ ಕುಳಿತಿರುವಾಗಲೇ, ಇನ್‌ಸ್ಟಾಲ್ ಮುಗಿಸಿ.

ಆಮೇಲೆ ಸೆಟ್ಟಿಂಗ್ಸ್‌ನ ಭದ್ರತೆಯ ವಿಭಾಗದಲ್ಲಿ ಕಾಯಂ ಪಾಸ್‌ವರ್ಡ್ ಇಡಬಹುದು. ಉದ್ದವಾಗಿರಲಿ, ಬೇರೆಲ್ಲಿಯೂ ಬಳಸದ್ದಾಗಿರಲಿ. ಯಾವಾಗಲೂ ಆ ಕಡೆ ಮನುಷ್ಯರಿರುತ್ತಾರೆ ಎಂದಾದರೆ ಅದೂ ಬೇಡ. ಅವರು ‘ಅಕ್ಸೆಪ್ಟ್’ ಒತ್ತಿದರೆ ಮಾತ್ರ ಬಾಗಿಲು ತೆರೆಯುವಂತೆ ಇಡಿ.

ಮಲಗಿದ ಕಂಪ್ಯೂಟರ್, ಹೋದ ಕರೆಂಟು

ಮಲೆನಾಡಿನವರಿಗೆ ಮುಖ್ಯವಾದ ಭಾಗ ಇದು. ಸ್ಲೀಪ್‌ಗೆ ಹೋದ ಕಂಪ್ಯೂಟರನ್ನು ಈ ತಂತ್ರಾಂಶ ತಲುಪಲಾರದು. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪನ್ನು ‘ನೆವರ್’ ಎಂದು ಇಡಿ. ಪರದೆ ಆರಿದರೆ ತೊಂದರೆಯಿಲ್ಲ, ಕಂಪ್ಯೂಟರ್ ಮಲಗಬಾರದು.

ಜುಲೈ ಮಳೆಯಲ್ಲಿ ಕರೆಂಟು ಹೋಗಿ ಬಂದರೆ ಏನು ಗತಿ? ಅನೇಕ ಡೆಸ್ಕ್‌ಟಾಪ್‌ಗಳ ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ಓಡುವ ಮೂಲ ತಂತ್ರಾಂಶ) ವಿದ್ಯುತ್ ಮರಳಿದ ಕೂಡಲೇ ತಾನಾಗಿ ಶುರುವಾಗುವ ಆಯ್ಕೆ ಇರುತ್ತದೆ. ಅದನ್ನು ದೂರದಿಂದ ಹಾಕಲು ಬರುವುದಿಲ್ಲ, ಎದುರು ಕುಳಿತೇ ಹಾಕಬೇಕು. ಮುಂದಿನ ಸಲ ಊರಿಗೆ ಹೋದಾಗ ಮಾಡಿ ಬನ್ನಿ. ಕಂಪ್ಯೂಟರಿನ ಯುಪಿಎಸ್‌ಗೆ ರೂಟರನ್ನೂ ಸೇರಿಸಿ. ಕಂಪ್ಯೂಟರ್ ಎದ್ದಿದ್ದು ರೂಟರ್ ಸತ್ತಿದ್ದರೆ ಪ್ರಯೋಜನವಿಲ್ಲ.

ಒಂದು ಸಂಜೆ ನನ್ನ ಲ್ಯಾಪ್‌ಟಾಪ್ ಎಂದು ತಿಳಿದು ಅಂಗಡಿಯ ಕಂಪ್ಯೂಟರನ್ನೇ ಶಟ್‌ಡೌನ್ ಮಾಡಿಬಿಟ್ಟೆ. ಚಿಕ್ಕಪ್ಪ ಅಷ್ಟರಲ್ಲಿ ಬಾಗಿಲು ಹಾಕಿ ಹೊರಟಿದ್ದರು. ಈಗ ದೂರದ ಪರದೆಯನ್ನು ಪೂರ್ಣಗಾತ್ರಕ್ಕೆ ಹಿಗ್ಗಿಸದೆ ಕಿಟಕಿಯಾಗಿಯೇ ಇಟ್ಟುಕೊಳ್ಳುತ್ತೇನೆ. ಯಾವ ಮನೆಯಲ್ಲಿದ್ದೇನೆ ಎಂಬುದು ಕಣ್ಣಿಗೆ ಬೀಳುತ್ತಿರುತ್ತದೆ.

ಕನ್ನಡ ಟೈಪಿಸುವವರಿಗೆ ಒಂದು ಮಾತು. ಎರಡೂ ಕಡೆ ಕನ್ನಡ ಕೀಲಿಮಣೆ ಹಾಕಿಕೊಂಡರೆ ಅಕ್ಷರಗಳು ಕಲಸಿಹೋಗಬಹುದು. ಇಲ್ಲಿ ಇಂಗ್ಲಿಷ್, ಅಲ್ಲಿ ಕನ್ನಡ ಇಟ್ಟು, ರಸ್ಟ್‌ಡೆಸ್ಕ್‌ನ ಕೀಲಿಮಣೆ ವಿಧಾನವನ್ನು ‘ಮ್ಯಾಪ್’ಗೆ ಬದಲಿಸಿ ನೋಡಿ. ಆಗ ಹೋಗುವುದು ಕೀಲಿಯ ಸ್ಥಾನ, ಅಕ್ಷರವಲ್ಲ. ಅಕ್ಷರ ಯಾವುದೆಂದು ಅಲ್ಲಿನ ಕೀಲಿಮಣೆಯೇ ತೀರ್ಮಾನಿಸುತ್ತದೆ.

ಯಾರಿಗೆ ಬಾಗಿಲು?

2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಎನಿಡೆಸ್ಕ್ ಬಳಸಿ ನಡೆಯುತ್ತಿದ್ದ ವಂಚನೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ ತಂತ್ರಾಂಶದಲ್ಲಿ ದೋಷವಿರಲಿಲ್ಲ. ಬ್ಯಾಂಕಿನವರೆಂದು ಹೇಳಿಕೊಂಡವರಿಗೆ ಜನರು ತಾವೇ ಸಂಖ್ಯೆ ಓದಿ ಹೇಳಿ, ಅನುಮತಿಯನ್ನೂ ಕೊಟ್ಟಿದ್ದರು. ನಾವು ಮನೆಯವರಿಗೆ ಕಲಿಸುತ್ತಿರುವುದೂ ಫೋನಿನಲ್ಲಿ ಸಂಖ್ಯೆ ಓದಿ ಹೇಳುವುದನ್ನೇ ಅಲ್ಲವೇ? ಅದಕ್ಕೇ ಜೊತೆಗೇ ಇನ್ನೊಂದನ್ನೂ ಕಲಿಸಬೇಕು: ತಾವಾಗಿ ಕರೆ ಮಾಡಿದಾಗ ಮಾತ್ರ ಸಂಖ್ಯೆ ಹೇಳುವುದು, ತಮಗೆ ಬಂದ ಕರೆಗೆ ಎಂದೂ ಹೇಳದಿರುವುದು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಚಿಕ್ಕಪ್ಪ ಈ ನಿಯಮವನ್ನು ನನ್ನ ಮೇಲೆಯೇ ಮೊದಲು ಪ್ರಯೋಗಿಸಿದರು. ಬೇರೆಯವರ ಮೊಬೈಲಿನಿಂದ ಕರೆ ಮಾಡಿ ಪಾಸ್‌ವರ್ಡ್ ಕೇಳಿದೆ. “ಇಡು, ನಾನೇ ನಿನ್ನ ನಂಬರಿಗೆ ಮಾಡುತ್ತೇನೆ” ಎಂದು ಫೋನ್ ಇಟ್ಟೇಬಿಟ್ಟರು.