ಬ್ಯಾಂಕಿನ ಹೊಸ ವಿಳಾಸ, ಡಾಟ್ ಇನ್‌ನ ಹಳೆಯ ಕಥೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಪಟ್ಟಣ ಸಹಕಾರಿ ಬ್ಯಾಂಕುಗಳ ಗ್ರಾಹಕರಿಗೆ ಹೊಸ ಗೊಂದಲವೊಂದು ಎದುರಾಗಿದೆ. ಜಾಲತಾಣದ ವಿಳಾಸ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಂಡರೆ ಅದು ಅಸಲಿಯೋ ನಕಲಿಯೋ? ಅಸಲಿಯೇ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಈ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಇಷ್ಟು ತಡವಾಗಿ ಏಕೆ ಎಂದು ತಿಳಿಯಲು ಹಿಂದಕ್ಕೆ ಹೋಗಬೇಕು.

ಜಾಲತಾಣದ ವಿಳಾಸದ ಕೊನೆಯಲ್ಲಿ ಬರುವ, ಭಾರತದ ಗುರುತಾದ ಡಾಟ್ ಇನ್ ಹುಟ್ಟಿದ್ದು 1989ರ ಮೇ 8ರಂದು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅಂದರೆ ಆರು ವರ್ಷ ಈ ಹೆಸರು ವಿದ್ವಾಂಸರ ಸೊತ್ತಾಗಿತ್ತು. ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥವನ್ನು ಬೆಸೆದಿದ್ದ ಎರ್ನೆಟ್ ಜಾಲ ಅದನ್ನು ಬಳಸುತ್ತಿತ್ತು. ಮುಂಬೈನ ಸಾಫ್ಟ್‌ವೇರ್ ತಂತ್ರಜ್ಞಾನ ರಾಷ್ಟ್ರೀಯ ಕೇಂದ್ರ ನೋಂದಣಿ ನೋಡಿಕೊಳ್ಳುತ್ತಿತ್ತು. ಅಷ್ಟು ಸಣ್ಣ ಬಳಗದಲ್ಲಿ ದಾಖಲೆ ನೋಡಿ ಹೆಸರು ಕೊಡುವುದು ಸಹಜವೇ ಆಗಿತ್ತು.

ತೊಡಕು ಶುರುವಾದದ್ದು ಬಳಗ ದೊಡ್ಡದಾದ ಮೇಲೆ. ನಿಯಮ ಮಾತ್ರ ಹಾಗೇ ಉಳಿಯಿತು. ಕಂಪನಿಗೆ ಸಿಗುತ್ತಿದ್ದುದು ‘ಕೋ ಡಾಟ್ ಇನ್’, ಅದೂ ನೋಂದಾಯಿತ ಹೆಸರಿಗೆ ಹೊಂದಿಕೆಯಾದರೆ. ನಡುವೆ ‘ಕೋ’ ಇಲ್ಲದ ನೇರ ಡಾಟ್ ಇನ್ ಸಾಮಾನ್ಯರ ಕೈಗೆ ಎಟುಕುತ್ತಲೇ ಇರಲಿಲ್ಲ. ಇಳಕಲ್ಲಿನಲ್ಲಿ ಸೀರೆ ಮಾರುವವರಾಗಲಿ, ಗುಳೇದಗುಡ್ಡದ ಖಣದ ವ್ಯಾಪಾರಿಯಾಗಲಿ ಆ ಕಾಲದಲ್ಲಿ ವಿಳಾಸ ಬಯಸಿದ್ದರೆ, ಅವರ ಮುಂದಿದ್ದ ಸುಲಭದ ದಾರಿ ಹೊರದೇಶದ ಡಾಟ್ ಕಾಂ. ಅಲ್ಲಿ ಹಣ ಕಟ್ಟಿದರೆ ಸಾಕು, ಯಾವ ಕಾಗದವೂ ಬೇಡ. ಈ ನಿಯಮದ ಬೇಲಿ ಹಾಕಿದವರ ಉದ್ದೇಶ ಕೆಟ್ಟದ್ದಲ್ಲ, ಹೆಸರು ಕಬಳಿಸುವವರನ್ನು ಅದು ತಡೆದದ್ದೂ ನಿಜ. ಆದರೆ ಅದರೊಳಗೆ ಬೆಳೆ ಬೆಳೆಯಲಿಲ್ಲ: 1992ರಿಂದ 2004ರವರೆಗೆ ನೋಂದಣಿಯಾದ ಹೆಸರುಗಳು ಸುಮಾರು 7 ಸಾವಿರ.

2005ರಲ್ಲಿ ನೋಂದಣಿಯ ಹೊಣೆ ನಿಕ್ಸಿ, ಅಂದರೆ ಭಾರತದ ರಾಷ್ಟ್ರೀಯ ಇಂಟರ್ನೆಟ್ ವಿನಿಮಯ ಸಂಸ್ಥೆಗೆ ದಾಟಿತು. ಮೊದಲು ಟ್ರೇಡ್‌ಮಾರ್ಕ್ ಇದ್ದವರಿಗೆ, ಫೆಬ್ರುವರಿಯಿಂದ ಎಲ್ಲರಿಗೂ ಬಾಗಿಲು ತೆರೆಯಿತು. 2010ರ ವೇಳೆಗೆ ಹೆಸರುಗಳು 6 ಲಕ್ಷ ದಾಟಿದ್ದವು. ಶಿಕ್ಷಣ ಮತ್ತು ಸರ್ಕಾರದ ವಿಭಾಗಗಳು ಮಾತ್ರ ಕಾವಲಿನಲ್ಲೇ ಉಳಿದವು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಎಸಿ ಡಾಟ್ ಇನ್’ ಈ ಗುಂಪಿನದು.

ತೆರೆದ ಬಾಗಿಲಿನಿಂದ ವಂಚಕರೂ ಬಂದರು. ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಗ್ರಾಹಕರನ್ನು ಮರುಳು ಮಾಡುವುದು ಸುಲಭವಾಯಿತು. ಹಾಗಾಗಿ ಈಗ ಒಂದು ಮೂಲೆಗೆ ಮತ್ತೆ ಬೇಲಿ. ಬ್ಯಾಂಕ್ ಡಾಟ್ ಇನ್ ಹೆಸರನ್ನು ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆಯಾದ ಹೈದರಾಬಾದಿನ ಐಡಿಆರ್‌ಬಿಟಿ ಮಾತ್ರ ಕೊಡುತ್ತದೆ, ಬ್ಯಾಂಕುಗಳಿಗೆ ಮಾತ್ರ ಕೊಡುತ್ತದೆ. ಇದು ಅಗತ್ಯವಿದ್ದ ಕಡೆ ಹಾಕಿದ ಬೇಲಿ.

ನಮ್ಮ ಜಿಲ್ಲೆಗಳ ಸೌಹಾರ್ದ ಮತ್ತು ಪತ್ತಿನ ಸಹಕಾರ ಸಂಘಗಳು ಬ್ಯಾಂಕುಗಳಲ್ಲ. ಅವು ಈ ಅಂಗಳದ ಹೊರಗಿವೆ. ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗಾಗಿ ‘ಫಿನ್ ಡಾಟ್ ಇನ್’ ತರುವ ಯೋಜನೆಯನ್ನು ರಿಸರ್ವ್ ಬ್ಯಾಂಕ್ 2025ರಲ್ಲೇ ಪ್ರಕಟಿಸಿದೆ. ಸಂಘಗಳ ಠೇವಣಿದಾರರು ಸದ್ಯಕ್ಕೆ ವಿಳಾಸವನ್ನು ಶಾಖೆಯಲ್ಲೇ ಕೇಳಿ ಬರೆದುಕೊಳ್ಳಬೇಕು.