ಹವಳಕ್ಕೆ ಎಷ್ಟು ಬಿಸಿ ಹೆಚ್ಚು?

ಸಮುದ್ರ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಏನು ಮಹಾ ಎನ್ನುವವರಿದ್ದಾರೆ. ಬಿಳಿಚಿಕೊಂಡ ಹವಳದ ಚಿತ್ರ ಕಂಡ ಕೂಡಲೇ ‘ಸತ್ತಿತು’ ಎಂದು ಷರಾ ಬರೆಯುವವರೂ ಇದ್ದಾರೆ. ಇಬ್ಬರನ್ನೂ ಒಮ್ಮೆ ಹವಾಯಿಯ ಮೊಕು ಒ ಲೊಎಗೆ ಕಳಿಸಬೇಕು. ಒವಾಹು ದ್ವೀಪದ ಕಾನೆಓಹೆ ಕೊಲ್ಲಿಯಲ್ಲಿರುವ ಈ ಪುಟ್ಟ ನಡುಗಡ್ಡೆಗೆ ದೋಣಿಯೊಂದೇ ದಾರಿ. 1930ರ ದಶಕದಲ್ಲಿ ಯೀಸ್ಟ್ ಉದ್ಯಮದ ಸಿರಿವಂತನೊಬ್ಬ ಕೊಂಡು, ಸುತ್ತ ಮಣ್ಣು ತುಂಬಿಸಿ ಹಿಗ್ಗಿಸಿದ ವಿಲಾಸದ ತಾಣವಿದು. ಈಗ ಅಲ್ಲಿರುವುದು ಹವಾಯಿ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ಸಂಸ್ಥೆ. ಪ್ರಯೋಗಾಲಯದಿಂದ ಹೊರಬಂದರೆ ಎದುರಿಗೇ ಹವಳದ ದಿಬ್ಬ.

ಹವಳ ಪ್ರಾಣಿ ಎಂಬುದನ್ನು ಹವಾಯಿಯವರಿಗೆ ಯಾರೂ ಕಲಿಸಬೇಕಿರಲಿಲ್ಲ. ಅವರ ಸೃಷ್ಟಿಗೀತೆ ಕುಮುಲಿಪೊದಲ್ಲಿ ಮೊದಲು ಹುಟ್ಟುವ ಜೀವಿಯೇ ಹವಳದ ಹುಳು. ಯುರೋಪಿನ ಪಂಡಿತರೋ, ಅದನ್ನು ಗಿಡವೆಂದೇ ನಂಬಿದ್ದರು. 1706ರಲ್ಲಿ ಇಟಲಿಯ ವಿದ್ವಾಂಸ ಮಾರ್ಸಿಲಿ ಅದರ ಗ್ರಹಣಾಂಗಗಳನ್ನು ಕಣ್ಣಾರೆ ಕಂಡೂ ಹೂವೆಂದು ಬರೆದ. ಅದು ಪ್ರಾಣಿ ಎಂದು ಫ್ರಾನ್ಸಿನ ವೈದ್ಯ ಪೆಸೊನೆಲ್ ವಾದಿಸಿದಾಗ, ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಪ್ರಕೃತಿ ವಿಜ್ಞಾನಿ ರೊಮ್ಯೂರ್ ಆ ವಾದವನ್ನು ಮಂಡಿಸುತ್ತಾ ವಾದಿಯ ಹೆಸರನ್ನೇ ಹೇಳಲಿಲ್ಲ. ಪಾಪ, ಮಾನ ಉಳಿಯಲಿ ಎಂಬ ಕನಿಕರ!

ಆದರೆ ಗಿಡವೆಂದವರೂ ಪೂರ್ತಿ ದಡ್ಡರಲ್ಲ. ಹವಳದ ಅಂಗಾಂಶದೊಳಗೆ ಏಕಕೋಶದ ಪಾಚಿಗಳು ಬಿಡಾರ ಹೂಡಿರುತ್ತವೆ. ಬಣ್ಣವೂ ಬಹುಪಾಲು ಆಹಾರವೂ ಅವುಗಳದೇ ಕೊಡುಗೆ. ತೊಂದರೆ ಹುಟ್ಟುವುದೂ ಅಲ್ಲೇ. ಪಾಚಿಯ ದ್ಯುತಿಸಂಶ್ಲೇಷಣೆಯನ್ನು ಹಿಟ್ಟಿನ ಗಿರಣಿ ಎಂದುಕೊಳ್ಳಿ. ಮೇಲಿನಿಂದ ಕಾಳು ಸುರಿಯುತ್ತಲೇ ಇದೆ, ಅಂದರೆ ಬೆಳಕು ಬೀಳುತ್ತಲೇ ಇದೆ. ನೀರು ಬಿಸಿಯಾದಾಗ ಕೆಳಗಿನ ಬಾಯಿ ಕಟ್ಟಿಕೊಳ್ಳುತ್ತದೆ. ಹಿಡಿದ ಶಕ್ತಿಯನ್ನು ಸಕ್ಕರೆಯಾಗಿಸುವ ಹಂತ ಕುಂಟುತ್ತದೆ, ಕೆಟ್ಟ ಭಾಗಗಳ ದುರಸ್ತಿಯೂ ಹಿಂದೆ ಬೀಳುತ್ತದೆ. ಗಿರಣಿ ನಿಲ್ಲಿಸೋಣವೆಂದರೆ ಮೋಟಾರು ಸೂರ್ಯನ ಕೈಯಲ್ಲಿದೆ. ದಾರಿ ಕಾಣದ ಎಲೆಕ್ಟ್ರಾನುಗಳು ಆಮ್ಲಜನಕಕ್ಕೆ ಅಂಟಿ, ಸಿಕ್ಕಿದ್ದನ್ನೆಲ್ಲ ಸುಡುವ ಉಗ್ರ ಅಣುಗಳಾಗುತ್ತವೆ. ಇವು ಆತಿಥೇಯನ ಜೀವಕೋಶಗಳನ್ನೂ ಕೆಡಿಸತೊಡಗಿದಾಗ ಹವಳ ಪಾಚಿಯನ್ನು ಹೊರದೂಡುತ್ತದೆ ಎಂಬುದು ಇಂದು ಹೆಚ್ಚು ಮನ್ನಣೆ ಪಡೆದಿರುವ ವಿವರಣೆ. ಬಿಳಿ ಕಾಣುವುದು ಪಾರದರ್ಶಕ ಮಾಂಸದ ಹಿಂದಿನ ಸುಣ್ಣದ ಅಸ್ಥಿ. ಪ್ರಾಣಿ ಇನ್ನೂ ಬದುಕಿದೆ, ಹಸಿದಿದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ.

ಎಷ್ಟು ಬಿಸಿಯಾದರೆ ಹೀಗೆ? ಹವಳ ವಿಜ್ಞಾನಿಗಳಾದ ಪಾಲ್ ಜೋಕಿಯಲ್ ಮತ್ತು ಸ್ಟೀವ್ ಕೋಲ್ಸ್ ಈ ದ್ವೀಪದಲ್ಲಿ 1970ರ ದಶಕದಲ್ಲೇ ಅಳೆದರು. ಬೇಸಿಗೆಯ ಸಾಮಾನ್ಯ ಗರಿಷ್ಠ ತಾಪ ಸುಮಾರು 27 ಡಿಗ್ರಿ. ಅದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಅಲ್ಲೇ ನಿಂತರೆ ಸಾಕು. ಮಾರ್ಷಲ್ ದ್ವೀಪಗಳ ಎನೆವೆಟಾಕ್‌ನ ಹವಳಗಳೊಂದಿಗೆ ಹೋಲಿಸಿದಾಗ ಇನ್ನೂ ಸೊಗಸಾದ ಸಂಗತಿ ಹೊರಬಿತ್ತು: ಬೆಚ್ಚನೆಯ ನೀರಿನಲ್ಲಿ ಬೆಳೆದ ಅವುಗಳ ಮಿತಿಯೂ ಅಷ್ಟೇ ಮೇಲಿತ್ತು. ಅಂದರೆ ಹವಳದ ಜಾತಿಗೆಲ್ಲ ಒಂದೇ ಅಪಾಯದ ಗೆರೆ ಇಲ್ಲ. ಪ್ರತಿಯೊಂದೂ ತನ್ನ ಊರಿನ ಬೇಸಿಗೆಯ ಅಂಚಿನಲ್ಲೇ ಬಾಳುತ್ತದೆ.

ನನಗೆ ಈ ಸಂಸ್ಥೆಯ ಮೇಲೆ ಪ್ರೀತಿ ಹುಟ್ಟಿದ್ದು ಮುಂದಿನ ಕೆಲಸದಿಂದ. 1970ರಲ್ಲಿ ಮಾಡಿದ ಪ್ರಯೋಗವನ್ನು 2017ರಲ್ಲಿ ಅದೇ ಜಾಗದಲ್ಲಿ, ಅದೇ ಮೂರು ಪ್ರಭೇದಗಳ ಮೇಲೆ, ಅದೇ ವಿಧಾನದಲ್ಲಿ ಮತ್ತೆ ಮಾಡಿದರು; ಅಂದು ನೋಡಿದ್ದ ಕೋಲ್ಸ್ ಇಂದೂ ನೋಡಿದರು. ಹೊಸತನದ ಹುಚ್ಚು ಹಿಡಿದ ಸಂಶೋಧನಾ ಲೋಕದಲ್ಲಿ ಹಳೆಯ ಪ್ರಯೋಗಕ್ಕೆ ಮರಳುವ ಸಹನೆ ಅಪರೂಪ. ಫಲಿತಾಂಶ? ಸುಮಾರು 31 ಡಿಗ್ರಿಯ ನೀರಿನಲ್ಲಿ ಈ ಸಲದ ಹವಳಗಳು ತಡವಾಗಿ ಬಿಳಿಚಿದವು, ಹೆಚ್ಚು ಸಂಖ್ಯೆಯಲ್ಲಿ ಉಳಿದವು. ಅರ್ಧ ಶತಮಾನದೊಳಗೆ ಗೆರೆ ಸರಿದಿತ್ತು.

ಹಿಗ್ಗಲು ಅವಸರ ಬೇಡ. 2014 ಮತ್ತು 2015ರಲ್ಲಿ ಇದೇ ಕೊಲ್ಲಿ ಸಾಲಾಗಿ ಎರಡು ಬಾರಿ ಬಿಳಿಚಿತು. ಆಗ ಒಂದೇ ಪ್ರಭೇದದ ಎರಡು ಹವಳಗಳು ಪಕ್ಕಪಕ್ಕದಲ್ಲಿದ್ದು, ಒಂದು ಬೆಳ್ಳಗೆ, ಇನ್ನೊಂದು ಕಂದುಬಣ್ಣದಲ್ಲೇ ಉಳಿದಿದ್ದೂ ಕಂಡುಬಂತು. ಸಂಸ್ಥೆಯನ್ನು 2015ರಿಂದ 2018ರಲ್ಲಿ ತೀರಿಕೊಳ್ಳುವವರೆಗೆ ನಡೆಸಿದ ರೂತ್ ಗೇಟ್ಸ್, ಇಂಥ ಗಟ್ಟಿಗರನ್ನೇ ಆರಿಸಿ ಸಂತಾನ ಬೆಳೆಸಬಾರದೇಕೆ ಎಂದು ಕೇಳಿದರು. ಅಲ್ಲಿನ ಅಕ್ಕಿಹವಳ, ಅಂದರೆ ಮಾಂಟಿಪೋರಾ ಕ್ಯಾಪಿಟೇಟಾ, ಬೇಸಿಗೆಯ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಮೊಟ್ಟೆ ಬಿಡುತ್ತದೆ. ತಾಯಿಯ ಪಾಚಿ ಮೊಟ್ಟೆಯೊಳಗೇ ಬರುತ್ತದೆ. ಹಾಗಾಗಿ ತಳಿ ಆರಿಸುವವರು ಪ್ರಾಣಿಯ ಜೊತೆಗೆ ಬಾಡಿಗೆದಾರನನ್ನೂ ಆರಿಸಿದಂತೆ. ಬಿಸಿ ತಾಳುವ ಪಾಚಿ ಅನೇಕ ಹವಳಗಳಲ್ಲಿ ಮನೆಯೊಡೆಯನಿಗೆ ಕಡಿಮೆ ಉಣಿಸುತ್ತದೆ, ಅದನ್ನಿಟ್ಟುಕೊಂಡ ಹವಳದ ಬೆಳವಣಿಗೆ ನಿಧಾನ. ಯಾವುದನ್ನು ಬಿಟ್ಟುಕೊಟ್ಟು ಯಾವುದನ್ನು ಪಡೆಯುವುದು ಎಂಬ ಲೆಕ್ಕ ಇನ್ನೂ ಮುಗಿದಿಲ್ಲ.