ಹೆಡರ್ ಬದಲಾಯಿತು, ಮೇಕ್‌ಗೆ ಗೊತ್ತೇ ಆಗಲಿಲ್ಲ

ದಾವಣಗೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇಲ್ಲಿನ ಮೆಕ್ಕೆಜೋಳದ ವ್ಯಾಪಾರಕ್ಕೆ ಸಿ ಭಾಷೆಯಲ್ಲಿ ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದಾರೆ ಎನ್ನೋಣ. ಹಲವು ಸಿ ಫೈಲುಗಳು ಹಂಚಿಕೊಳ್ಳುವ ದರ.ಎಚ್ ಹೆಡರ್‌ನ ಸ್ಟ್ರಕ್ಚರ್‌ನಲ್ಲಿ (ದತ್ತಾಂಶದ ಗುಂಪಿನಲ್ಲಿ) ತೂಕ, ದರ ಎರಡೇ ಇವೆ, ಎರಡೂ ಡಬಲ್, ಅಂದರೆ 8 ಬೈಟ್‌ನ ದಶಮಾಂಶ ಸಂಖ್ಯೆ. ಇವುಗಳ ನಡುವೆ ತೇವಾಂಶ ಸೇರಿಸಿ, ಮೇನ್.ಸಿ ತಿದ್ದಿ, ಬದಲಾದ ಫೈಲುಗಳನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುವ ಮೇಕ್ ಓಡಿಸಿದರು. ಮೇನ್.ಸಿ ಮತ್ತೆ ಕಂಪೈಲ್ ಆಯಿತು. ಲೆಕ್ಕ.ಸಿ ಯಾರೂ ಮುಟ್ಟಿಲ್ಲ, ಅದನ್ನು ಹಿಂದೆ ಕಂಪೈಲ್ ಮಾಡಿದಾಗ ಬಂದಿದ್ದ ಹಳೆಯ ಲೆಕ್ಕ.ಓ ಹಾಗೇ ಉಳಿಯಿತು. ದರ ಈಗ 8 ಬೈಟ್ ಆಚೆ ಸರಿದಿದೆ. ಹಳೆಯ ಕೋಡ್ ಆ ಜಾಗದಲ್ಲಿ ತೇವಾಂಶದ 14 ಅನ್ನು ಓದಿ, ಕ್ವಿಂಟಲ್‌ಗೆ 14 ರೂಪಾಯಿಯಂತೆ ಬಿಲ್ ಹಾಕುತ್ತದೆ. .ಓ ಫೈಲುಗಳನ್ನು ಜೋಡಿಸುವ ಲಿಂಕರ್ ನೋಡುವುದು ಹೆಸರುಗಳನ್ನು ಮಾತ್ರ, ಹಾಗಾಗಿ ಎರರ್ ಕೂಡ ಬರುವುದಿಲ್ಲ.

1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್, ಫೈಲುಗಳ ಸಮಯ ಹೋಲಿಸುತ್ತದೆ. ಒಳಗೆ ಹೆಡರ್ ಸೇರಿಸುವ ಇನ್‌ಕ್ಲೂಡ್ ಸಾಲುಗಳನ್ನು ಓದುವುದಿಲ್ಲ. ಯಾವ ಫೈಲಿಗೆ ಯಾವ ಹೆಡರ್ ಬೇಕೆಂದು ಮೇಕ್‌ಫೈಲ್ ಎಂಬ ನಿಯಮಗಳ ಫೈಲಿನಲ್ಲಿ ಕೈಯಾರೆ ಬರೆಯಬೇಕಿತ್ತು. ಆಮೇಲೆ ಯುನಿಕ್ಸ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಎಕ್ಸ್ ವಿಂಡೋ ಜೊತೆ ಮೇಕ್‌ಡಿಪೆಂಡ್ ಎಂಬ ಉಪಕರಣ ಬಂತು. ಅದು ಸೋರ್ಸ್ ಜಾಲಾಡಿ, ಪಟ್ಟಿಯನ್ನು ಮೇಕ್‌ಫೈಲ್‌ನ ಕೊನೆಗೇ ಅಂಟಿಸುತ್ತಿತ್ತು. ಆದರೆ ಹೊಸ ಇನ್‌ಕ್ಲೂಡ್ ಸೇರಿಸಿದಾಗಲೆಲ್ಲ ಅದನ್ನು ನೆನಪಿಟ್ಟು ಓಡಿಸಬೇಕು, ಮರೆತರೆ ಪಟ್ಟಿ ಹಳತು.

ನಿಜವಾದ ಪರಿಹಾರ, ಮೇಕ್‌ಫೈಲ್ ತಯಾರಿಗೆ ನೆರವಾಗುವ ಆಟೋಮೇಕ್ ತಂಡದ ಟಾಮ್ ಟ್ರೋಮಿ ಅವರ ಯೋಚನೆಯಲ್ಲಿದೆ, ಅದು ಅಷ್ಟು ಸರಳ ಎಂಬುದೇ ಅದರ ಹೆಚ್ಚುಗಾರಿಕೆ. ಮೊದಲ ಸಲ ಪಟ್ಟಿಯೇ ಬೇಡ, .ಓ ಫೈಲ್ ಇಲ್ಲದ ಕಾರಣ ಹೇಗೂ ಎಲ್ಲವೂ ಕಂಪೈಲ್ ಆಗಬೇಕು. ಆಗ ಹೆಡರ್‌ಗಳನ್ನೆಲ್ಲ ತೆರೆಯುವ ಕಂಪೈಲರ್ ಪಟ್ಟಿಯನ್ನೂ ಬರೆದಿಟ್ಟರೆ ಮುಂದಿನ ಸಲಕ್ಕೆ ಸಾಕು.

ಜಿಸಿಸಿ ಕಂಪೈಲರ್‌ನಲ್ಲಿ ಇದಕ್ಕೆ -ಎಂಎಂಡಿ ಆಯ್ಕೆ ಕೊಡಿ. ಲೆಕ್ಕ.ಓ ಪಕ್ಕದಲ್ಲೇ ಆ ಪಟ್ಟಿಯಿರುವ ಲೆಕ್ಕ.ಡಿ ಹುಟ್ಟುತ್ತದೆ, ಸಿಸ್ಟಂ ಹೆಡರ್‌ಗಳೂ ಬೇಕಿದ್ದರೆ -ಎಂಡಿ. ಮೇಕ್‌ಫೈಲ್‌ನ ಕೊನೆಯಲ್ಲಿ ಆ .ಡಿ ಫೈಲುಗಳನ್ನು ಇನ್‌ಕ್ಲೂಡ್ ಮಾಡಿ, ಆ ಇನ್‌ಕ್ಲೂಡ್ ಪದಕ್ಕೆ ಮೊದಲು ಒಂದು ಮೈನಸ್ ಇರಲಿ. ಇಲ್ಲವಾದರೆ ಅವು ಇನ್ನೂ ಹುಟ್ಟಿರದ ಮೊದಲ ಸಲವೇ ಮೇಕ್ ನಿಲ್ಲುತ್ತದೆ. ಜೊತೆಗೆ -ಎಂಪಿ ಕೂಡ ಬೇಕು. ಅದಿಲ್ಲದೆ ದರ.ಎಚ್ ಅಳಿಸಿದರೆ ಅಥವಾ ಹೆಸರು ಬದಲಿಸಿದರೆ, ಹಳೆಯ .ಡಿ ನಂಬಿದ ಮೇಕ್ ಅದನ್ನು ತಯಾರಿಸುವ ನಿಯಮವಿಲ್ಲ ಎಂದು ಕೈಚೆಲ್ಲುತ್ತದೆ. -ಎಂಪಿ ಪ್ರತಿ ಹೆಡರ್‌ಗೂ ಒಂದು ಖಾಲಿ ನಿಯಮ ಬರೆದು ಇದನ್ನು ತಪ್ಪಿಸುತ್ತದೆ. ಹಳೆಯ ಪ್ರಾಜೆಕ್ಟ್‌ಗೆ ಇವನ್ನು ಸೇರಿಸಿದ ಮೇಲೆ ಒಮ್ಮೆ .ಓ ಫೈಲುಗಳನ್ನೆಲ್ಲ ಅಳಿಸಿ ಕಟ್ಟಿ, ಇಲ್ಲದಿದ್ದರೆ .ಡಿ ಹುಟ್ಟುವುದಿಲ್ಲ.

ಯಾಕ್‌ನಂಥ, ತಾನೇ ಕೋಡ್ ಬರೆದುಕೊಡುವ ಉಪಕರಣ ತಯಾರಿಸುವ ಹೆಡರ್ ಇದ್ದರೆ ಮಾತ್ರ ಇದು ಸಾಲದು. ಮೊದಲ ಸಲ ಪಟ್ಟಿ ಇಲ್ಲದೆ, ಆ ಹೆಡರ್ ಮುಂಚೆ ತಯಾರಾಗಬೇಕೆಂಬುದು ಮೇಕ್‌ಗೆ ತಿಳಿಯದು. ಅದನ್ನು .ಓ ನಿಯಮದಲ್ಲಿ ಉದ್ದಗೆರೆಯ (|) ಬಲಕ್ಕೆ ನಾವೇ ಬರೆಯಬೇಕು.